ಒಂಬತ್ತು ತಂಡ, ಎರಡು ಟಿಕೆಟ್: ದಾರ್ ಎಸ್ ಸಲಾಮ್‌ನಲ್ಲಿ ಒಂದು ವಾರ

ಅಕ್ಕ ಮದುವೆಯಾಗಿ ಟಾಂಜಾನಿಯಾದ ದಾರ್ ಎಸ್ ಸಲಾಮ್ ಸೇರಿ ಹನ್ನೊಂದು ವರ್ಷ ಆಯ್ತು. ಭಾವ ಅಲ್ಲಿ ಔಷಧಿ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. "ಒಂದ್ಸಲನಾದ್ರೂ ಬಾರೋ" ಅಂತ ಅಕ್ಕ ಪ್ರತಿ ದೀಪಾವಳಿಗೂ ಫೋನಿನಲ್ಲಿ ಕರೆಯುತ್ತಿದ್ದಳು. ರಜೆ ಸಿಕ್ಕರೆ ದುಡ್ಡಿರುತ್ತಿರಲಿಲ್ಲ, ದುಡ್ಡಿದ್ದರೆ ರಜೆ ಇರುತ್ತಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಮಾತ್ರ ನಾನೇ ಫೋನ್ ಮಾಡಿ, "ಅಕ್ಕಾ, ಬರ್ತಿದ್ದೀನಿ" ಅಂದೆ. ಕಾರಣ ಫುಟ್‌ಬಾಲ್ ಅಂತ ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು.

ನಾನು ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ನಮ್ಮ ಕಡೆ ಈ ಆಟಕ್ಕೆ ಎಷ್ಟು ಬೆಲೆ ಅಂತ ಗೌತಮಪುರಕ್ಕೆ ಹೋಗಿ ಪೆಲೆಯ ಪ್ರತಿಮೆ ನೋಡಿದವರಿಗೆ ಹೇಳಬೇಕಾಗಿಲ್ಲ. ವಿಶ್ವಕಪ್ ಅನ್ನು ಎಲ್ಲರೂ ನೋಡುತ್ತಾರೆ. ನನಗೆ ಮೊದಲಿನಿಂದಲೂ ಎಳೆಯುವುದು ಅರ್ಹತಾ ಸುತ್ತು. ಹುಡುಗರು ನಿಜವಾಗಿ ಉಳಿಯುವುದು, ಕಳೆದುಹೋಗುವುದು ಅಲ್ಲೇ. ಅಕ್ಟೋಬರ್ 6ರಿಂದ 20ರವರೆಗೆ ದಾರ್‌ನಲ್ಲಿ 20 ವರ್ಷದೊಳಗಿನವರ ಆಫ್ರಿಕಾ ಕಪ್‌ಗೆ ಪೂರ್ವ ಮತ್ತು ಮಧ್ಯ ಆಫ್ರಿಕಾದ ಅರ್ಹತಾ ಪಂದ್ಯಗಳು ಅಂತ ಓದಿದ ದಿನವೇ ಟಿಕೆಟ್ ನೋಡಲು ಕೂತೆ.

ಹೊರಡುವ ಹತ್ತು ದಿನ ಮೊದಲಾದರೂ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಅದೂ ಆಯ್ತು. ಬೆಂಗಳೂರಿನಿಂದ ಆಡಿಸ್ ಅಬಾಬಾ, ಅಲ್ಲಿಂದ ದಾರ್.

ಮೊದಲ ದಿನ

ವಿಮಾನ ಇಳಿದಾಗ ಗಾಳಿ ಥೇಟ್ ಮಂಗಳೂರಿನದೇ. ಉಪ್ಪು, ಸೆಕೆ, ಎಲ್ಲೋ ಮೀನು ಸುಡುವ ವಾಸನೆ. ಭಾವ ಕಾರು ತಂದಿದ್ದರು. ಅಕ್ಕನ ಮನೆ ಉಪಾಂಗಾದಲ್ಲಿ. ಅಲ್ಲಿ ನಮ್ಮ ದೇಶದವರು, ಅದರಲ್ಲೂ ಗುಜರಾತಿಗಳು, ತಲೆಮಾರುಗಳಿಂದ ಇದ್ದಾರೆ. ದಾರಿಯುದ್ದಕ್ಕೂ ನಮ್ಮ ಆಟೋಗಳೇ ಓಡಾಡುತ್ತಿದ್ದವು. ಅಲ್ಲಿ ಅದರ ಹೆಸರು "ಬಜಾಜಿ". ಕಂಪನಿ ಹೆಸರೇ ಗಾಡಿಯ ಹೆಸರಾಗಿಬಿಟ್ಟಿದೆ. ಗಾಡಿಗೆ ಅವರು "ಗಾರಿ" ಅನ್ನುತ್ತಾರೆ, ಸಾಬೂನಿಗೆ "ಸಬುನಿ", ಅಂಗಡಿಗೆ "ದುಕಾ". ಅರ್ಧ ಗಂಟೆಯಲ್ಲಿ ಊರು ಹತ್ತಿರದ್ದು ಅನಿಸಿತು.

ನಾನು ಹೋಗುವಷ್ಟರಲ್ಲಿ ಗುಂಪಿನ ಪಂದ್ಯಗಳು ಮುಗಿದಿದ್ದವು. ಅದೊಂದು ಬೇಜಾರು. ಎ ಗುಂಪಿನಲ್ಲಿ ಟಾಂಜಾನಿಯಾ, ಕೀನ್ಯಾ, ರುವಾಂಡಾ, ಸುಡಾನ್, ಜಿಬೂಟಿ. ಬಿ ಗುಂಪಿನಲ್ಲಿ ಬುರುಂಡಿ, ಉಗಾಂಡಾ, ಇಥಿಯೋಪಿಯಾ, ದಕ್ಷಿಣ ಸುಡಾನ್. ಒಂಬತ್ತು ತಂಡಗಳಲ್ಲಿ ಐದು ಆಗಲೇ ಹೊರಗೆ. ಸುಡಾನ್ ಹುಡುಗರನ್ನು ನೋಡಲಾಗಲಿಲ್ಲವಲ್ಲ ಅನ್ನುವುದು ನನಗೆ ಇವತ್ತಿಗೂ ಕೊರಗು. 2023ರ ಏಪ್ರಿಲ್‌ನಿಂದ ಅವರ ದೇಶದಲ್ಲಿ ಯುದ್ಧ. ಮನೆ ಎಲ್ಲಿದೆ, ಇದೆಯೋ ಇಲ್ಲವೋ ಅನ್ನುವ ಸ್ಥಿತಿಯಲ್ಲೂ ಆ ಹುಡುಗರು ಬೂಟು ಕಟ್ಟಿಕೊಂಡು ಬಂದು ಆಡಿ ಹೋಗಿದ್ದರು.

ರಾತ್ರಿ ಊಟಕ್ಕೆ ಅಕ್ಕ ಸಾರು ಮಾಡಿದ್ದಳು. ಭಾವ ಕೇಳಿದರು, "ಅಲ್ಲಯ್ಯ, ಇದು ಇನ್ನೂ ಅರ್ಹತಾ ಸುತ್ತು. ಇದಕ್ಕೆ ಇಷ್ಟು ದೂರ ಬರ್ತಾರಾ?"

ಅವರಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಆಫ್ರಿಕಾದ ಫುಟ್‌ಬಾಲ್ ಸಂಸ್ಥೆ ಕಾಫ್ ಖಂಡವನ್ನು ಆರು ವಲಯ ಮಾಡಿದೆ. ಉತ್ತರಕ್ಕೊಂದು, ಪಶ್ಚಿಮಕ್ಕೆ ಎರಡು, ಮಧ್ಯಕ್ಕೊಂದು, ದಕ್ಷಿಣಕ್ಕೊಂದು, ಆಮೇಲೆ ಪೂರ್ವ ಮತ್ತು ಮಧ್ಯ ಸೇರಿದ ಈ ಸೆಕಾಫಾ. ಸೆಕಾಫಾ ಟೂರ್ನಿಯ ಬೇರು 1926ರಷ್ಟು ಹಳೆಯದು. ಆಗ ಕೀನ್ಯಾ ಮತ್ತು ಉಗಾಂಡಾ ಗಾಸೇಜ್ ಕಪ್‌ಗಾಗಿ ಆಡುತ್ತಿದ್ದವು. ಆ ಕಪ್ ಕೊಟ್ಟವರು ಸಾಬೂನು ತಯಾರಿಸುವ ಕಂಪನಿಯವರು. ಈ ಸಲ ಈ ವಲಯದ ಒಂಬತ್ತು ತಂಡಗಳಲ್ಲಿ ಎರಡಕ್ಕೆ ಮಾತ್ರ ಆಫ್ರಿಕಾ ಕಪ್‌ಗೆ ಟಿಕೆಟ್. ಅಲ್ಲಿ ಮೊದಲ ನಾಲ್ಕರಲ್ಲಿ ಬಂದರೆ 2025ರ ಚಿಲಿಯ ಜೂನಿಯರ್ ವಿಶ್ವಕಪ್.

"ಅಂದ್ರೆ ಫೈನಲ್‌ಗೆ ಬಂದ ಎರಡೂ ತಂಡ ಹೋಗುತ್ವಾ?" ಅಂದರು ಭಾವ.

"ಹೌದು ಭಾವ, ಇಬ್ಬರೂ ಹೋಗ್ತಾರೆ. ಫೈನಲ್ ಕಪ್‌ಗೆ ಅಷ್ಟೇ. ಎಲ್ಲಾ ತೀರ್ಮಾನ ಆಗೋದು ಸೆಮಿಫೈನಲ್‌ನಲ್ಲಿ. ಸೆಮಿ ಸೋತವರಿಗೆ ಮನೆ ದಾರಿ."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಸೆಮಿಗೆ ನಾನೂ ಬರ್ತೀನಿ" ಅಂದರು.

ಎರಡನೇ ದಿನ

ಚಮಾಜಿಯ ಆಜಾಮ್ ಕಾಂಪ್ಲೆಕ್ಸ್ ಮೈದಾನ ನೋಡಿ ಬರೋಣ ಅಂತ ಹಿಂದಿನ ರಾತ್ರಿಯೇ ಒಬ್ಬ ಬಜಾಜಿ ಡ್ರೈವರ್‌ಗೆ ಹೇಳಿದ್ದೆ. ಆಗತಾನೆ ಕಲಿತ ಸ್ವಾಹಿಲಿಯಲ್ಲಿ ಧೈರ್ಯವಾಗಿ "ಸಾ ತಿಸಾ" ಅಂದೆ. ತಿಸಾ ಅಂದರೆ ಒಂಬತ್ತು. ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಹತ್ತಿರ ನಿಂತೆ. ಒಂಬತ್ತೂವರೆ, ಹತ್ತು. ಯಾರೂ ಇಲ್ಲ.

ಅಕ್ಕ ಬಾಲ್ಕನಿಯಿಂದಲೇ ಕೇಳಿದಳು. "ಏನಂತ ಹೇಳಿದ್ದೆ ಅವನಿಗೆ?"

"ಸಾ ತಿಸಾ."

"ಅಯ್ಯೋ, ಅದು ಮಧ್ಯಾಹ್ನ ಮೂರು ಗಂಟೆ ಕಣೋ!"

ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ನಮ್ಮ ಮೂರು ಗಂಟೆ ಅವರಿಗೆ ಒಂಬತ್ತು. ಯೋಚನೆ ಮಾಡಿದರೆ ನಮ್ಮ ಪಂಚಾಂಗದ ಗಳಿಗೆ ಲೆಕ್ಕವೂ ಸೂರ್ಯೋದಯದಿಂದಲೇ ಶುರು. ನಮ್ಮಜ್ಜಿ ಬದುಕಿದ್ದಿದ್ದರೆ ಅವರಿಗೆ ಈ ಊರಿನ ಗಡಿಯಾರ ತಕ್ಷಣ ಅರ್ಥವಾಗುತ್ತಿತ್ತು.

ಬೆಳಗಿನ ಹೊತ್ತು ಖಾಲಿ ಬಿತ್ತಲ್ಲ, ಕರಿಯಾಕೂ ಮಾರುಕಟ್ಟೆಗೆ ನಡೆದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯಕ್ಕೆ ಮೂಟೆ ಹೊತ್ತವರ ಪಡೆ, "ಕ್ಯಾರಿಯರ್ ಕೋರ್", ಅಲ್ಲಿ ಬೀಡುಬಿಟ್ಟಿತ್ತಂತೆ. ಅದೇ ಜನರ ಬಾಯಲ್ಲಿ ಕರಿಯಾಕೂ ಆಯಿತು. ಈ ನಾಡಿನ ಎರಡು ದೊಡ್ಡ ಕ್ಲಬ್‌ಗಳ ಮೂಲವೂ ಇದೇ ಬೀದಿಗಳು. 1935ರ ಯಾಂಗಾ ಹಳದಿ ಹಸಿರು, 1936ರ ಸಿಂಬಾ ಕೆಂಪು. ಅಂಗಡಿಗಳಲ್ಲಿ ಆ ಎರಡೇ ಬಣ್ಣ ತೂಗಾಡುತ್ತಿದ್ದವು. ಜೂನಿಯರ್ ತಂಡದ ಜೆರ್ಸಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಒಂದು ಮೂಲೆಯಲ್ಲಿ ಹೆಂಗಸೊಬ್ಬರು ಗುಳಿ ಗುಳಿ ಇರುವ ಬಾಣಲೆ ಇಟ್ಟುಕೊಂಡು ಏನೋ ಹುಯ್ಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ನಮ್ಮ ಪಡ್ಡಿನ ಕಾವಲಿಯೇ! ಅಕ್ಕಿ ಹಿಟ್ಟು, ತೆಂಗಿನ ಹಾಲು, ಏಲಕ್ಕಿ, ಸಕ್ಕರೆ. ಹೆಸರು "ವಿಟುಂಬುವಾ". ಕಡ್ಡಿಯಿಂದ ಒಂದೊಂದನ್ನೇ ತಿರುವಿ ಹಾಕುವ ಆ ಕೈಯ ಲಯ ನಮ್ಮ ಅಮ್ಮನದೇ. ಅಂಚು ಗರಿಗರಿ, ಒಳಗೆ ಮೆತ್ತಗೆ. ನಾಲ್ಕು ತಿಂದು, ಅಕ್ಕನಿಗೆ ಆರು ಕಟ್ಟಿಸಿಕೊಂಡೆ.

ಸರಿಯಾಗಿ ಮೂರು ಗಂಟೆಗೆ, ಒಂದು ನಿಮಿಷ ಆಚೆ ಈಚೆ ಇಲ್ಲದೆ, ಬಜಾಜಿ ಬಂತು.

ಚಮಾಜಿ ಊರಿನ ಅಂಚಿನಲ್ಲಿದೆ, ಎಂಬಗಾಲಾ ಕಡೆ. ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗಿಂತ ಕಡಿಮೆಯೇನಿಲ್ಲ. ಡ್ರೈವರ್ ದಾರಿಯಲ್ಲಿ ಹೆಮ್ಮೆಯಿಂದ ಒಂದು ಹೆಸರು ಹೇಳಿದ: ಎಂಬ್ವಾನಾ ಸಮಾಟ್ಟಾ. ಎಂಬಗಾಲಾದ ಹುಡುಗ. ಕಾಂಗೋದ ಟಿಪಿ ಮಜೆಂಬೆ, ಬೆಲ್ಜಿಯಂನ ಗೆಂಕ್, ಅಲ್ಲಿಂದ ಇಂಗ್ಲೆಂಡಿನ ಆಸ್ಟನ್ ವಿಲ್ಲಾ. 2020ರಲ್ಲಿ ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಗೋಲು ಹೊಡೆದವನು. ಡ್ರೈವರ್ ಹ್ಯಾಂಡಲ್‌ನಿಂದ ಎರಡೂ ಕೈ ಬಿಟ್ಟು ಆ ಹೆಡರ್ ಹೇಗಿತ್ತು ಅಂತ ತೋರಿಸಿದ. ನನ್ನ ಜೀವ ಬಾಯಿಗೆ ಬಂತು.

ಮೈದಾನದ ಗೇಟು ಮುಚ್ಚಿತ್ತು. ಹೊರಗೆ ಮರಳಿನ ಬಯಲಿನಲ್ಲಿ ಹತ್ತು ಹನ್ನೆರಡು ಮಕ್ಕಳು ಬರಿಗಾಲಲ್ಲಿ ಆಡುತ್ತಿದ್ದರು. ಚೆಂಡು ಅಂಗಡಿಯದಲ್ಲ. ಪ್ಲಾಸ್ಟಿಕ್ ಚೀಲ, ಹಳೇ ಬಟ್ಟೆ ಸುತ್ತಿ ದಾರ ಬಿಗಿದದ್ದು. ಈ ಆಟಕ್ಕೆ ಅವರು "ಚಂದಿಮು" ಅನ್ನುತ್ತಾರೆ. ಕೈಗೆ ತಗೊಂಡು ನೋಡಿದೆ. ದಾರವನ್ನು ಸುಮ್ನೆ ಸುತ್ತಿರಲಿಲ್ಲ. ಮೀನಿನ ಬಲೆಯ ಹಾಗೆ ಅಡ್ಡ ಉದ್ದ ಗಂಟು ಹಾಕಿದ್ದರು. ಎಷ್ಟು ಒದ್ದರೂ ಬಿಚ್ಚಿಕೊಳ್ಳಬಾರದು, ಅದಕ್ಕೆ. ಅದು ಪುಟಿಯುವುದಿಲ್ಲ. ಹಾಗಾಗಿ ಚೆಂಡನ್ನು ಸದಾ ಕಾಲಿನ ಹತ್ತಿರವೇ ಇಟ್ಟುಕೊಳ್ಳಬೇಕು. ಏಳೆಂಟು ವರ್ಷದ ಹುಡುಗನೊಬ್ಬ ಮೂರು ಜನರ ಮಧ್ಯೆ ಆ ಗಂಟನ್ನು ಅಂಟಿಸಿಕೊಂಡ ಹಾಗೆ ತಗೊಂಡು ಹೋದ. ನಾನು ಕೋನ್ ಇಟ್ಟು ವಾರಗಟ್ಟಲೆ ಹೇಳಿಕೊಡುವ ಪಾಠ ಅದು.

ನಡುವಿನ ಒಂದು ದಿನ

ಈ ದಿನ ಹೆಚ್ಚು ಓಡಾಡಲಿಲ್ಲ. ಬೆಳಿಗ್ಗೆ ಕಿವುಕೋನಿ ಮೀನು ಮಾರುಕಟ್ಟೆ, ಎಳನೀರು, ಮಧ್ಯಾಹ್ನ ನಿದ್ದೆ. ಸಂಜೆ ಎಮ್ವೆಂಗೆ ಕಡೆ ಹೋಗಿ ಕೆಎಂಸಿ ಕಾಂಪ್ಲೆಕ್ಸ್ ಮೈದಾನದ ಹತ್ತಿರದ ಚಹಾ ಅಂಗಡಿಯಲ್ಲಿ ಕೂತೆ. ಕೀನ್ಯಾದಿಂದ ಬಂದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ನೈರೋಬಿಯಲ್ಲಿ ಅವರೂ ನನ್ನ ಹಾಗೇ ಹುಡುಗರ ಕೋಚ್.

"ನಮ್ಮ ದೇಶ 20ರೊಳಗಿನವರ ಆಫ್ರಿಕಾ ಕಪ್‌ಗೆ ಒಂದು ಸಲವೂ ಹೋಗಿಲ್ಲ" ಅಂದರು. ನನಗೆ ನಂಬಲಾಗಲಿಲ್ಲ. ಆಟಕ್ಕೆ ಅಷ್ಟು ಹೆಸರಾದ ದೇಶ. 2022ರಲ್ಲಿ ಸರ್ಕಾರ ಮತ್ತು ಫುಟ್‌ಬಾಲ್ ಆಡಳಿತದ ಜಗಳದಲ್ಲಿ ಫಿಫಾ ಕೀನ್ಯಾವನ್ನು ಅಮಾನತು ಮಾಡಿತ್ತು. ಫೆಬ್ರವರಿಯಿಂದ ನವೆಂಬರ್‌ವರೆಗೆ ಅಂತರರಾಷ್ಟ್ರೀಯ ಪಂದ್ಯವೇ ಇಲ್ಲ. "ದೊಡ್ಡವರು ಜಗಳ ಆಡಿದರು. ಆ ವರ್ಷ ಹತ್ತೊಂಬತ್ತು ವಯಸ್ಸಿದ್ದ ಹುಡುಗರಿಗೆ ಆ ವಯಸ್ಸು ವಾಪಸ್ ಬರುತ್ತಾ?" ಅಂತ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಮಾತು ವಯಸ್ಸಿನ ಕಡೆಗೇ ಹೊರಳಿತು. ಈ ಟೂರ್ನಿಗೆ 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಮಾತ್ರ. ಜೂನಿಯರ್ ಫುಟ್‌ಬಾಲ್‌ನ ದೊಡ್ಡ ಹುಣ್ಣು ಇದೇ. 17ರೊಳಗಿನವರಿಗೆ ಎಂಆರ್‌ಐ ಪರೀಕ್ಷೆ ಇದೆ. ಮಣಿಕಟ್ಟಿನ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಒಂದಿರುತ್ತದೆ. ಅದು ಪೂರ್ತಿ ಕೂಡಿಕೊಂಡಿದ್ದರೆ ಹುಡುಗ 17 ದಾಟಿದ್ದಾನೆ ಅಂತ ಲೆಕ್ಕ. ಫಿಫಾ ಇದನ್ನು 2009ರ 17ರೊಳಗಿನವರ ವಿಶ್ವಕಪ್‌ನಿಂದ ಬಳಸುತ್ತಿದೆ. 2023ರ ಜನವರಿಯಲ್ಲಿ ಕ್ಯಾಮರೂನ್ ತನ್ನದೇ ನೆಲದಲ್ಲಿ ನಡೆಯುವ ಅರ್ಹತಾ ಟೂರ್ನಿಗೆ ಆರಿಸಿದ್ದ 30 ಹುಡುಗರಲ್ಲಿ 21 ಜನ ಈ ಪರೀಕ್ಷೆಯಲ್ಲಿ ಬಿದ್ದುಹೋದರು. ಆಗ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಹೆಸರಾಂತ ಮಾಜಿ ಆಟಗಾರ ಸ್ಯಾಮುಯೆಲ್ ಎಟೊ. ಬಿದ್ದವರನ್ನು ಕೈಬಿಟ್ಟು ಹೊಸಬರನ್ನು ಕರೆದು ತಂಡ ಕಟ್ಟಬೇಕಾಯಿತು.

20ರ ಹಂತದಲ್ಲಿ ಆ ಮೂಳೆ ಏನೂ ಹೇಳುವುದಿಲ್ಲ. ಹೆಚ್ಚಿನವರಿಗೆ ಕೂಡಿಕೊಂಡಿರುತ್ತದೆ. ಉಳಿಯುವುದು ಕಾಗದ ಮಾತ್ರ. ಕಾಗದ ಅಂದಾಗ ನನಗೆ ನಮ್ಮ ಮೈದಾನದ ಒಬ್ಬ ಹುಡುಗ ನೆನಪಾದ. ಎಡಗಾಲಿನ ಆಟಗಾರ, ಅಂಥ ಕ್ರಾಸ್ ಹಾಕುವವನನ್ನು ನಾನು ಕಂಡಿಲ್ಲ. ಆಯ್ಕೆಯ ದಿನ ಜನನ ಪ್ರಮಾಣಪತ್ರ ಇಲ್ಲ ಅಂತ ಮೇಜಿನ ಹತ್ತಿರದಿಂದಲೇ ವಾಪಸ್ ಕಳಿಸಿದರು. ಒಂದು ಸುತ್ತು ಓಡಿಸಿ ಕೂಡ ನೋಡಲಿಲ್ಲ. ವಯಸ್ಸು ಮುಚ್ಚಿಡುವವರು ಒಂದು ಕಡೆ, ವಯಸ್ಸು ತೋರಿಸಲು ಕಾಗದವೇ ಇಲ್ಲದವರು ಇನ್ನೊಂದು ಕಡೆ. ಮೊದಲನೆಯವರ ತಪ್ಪಿಗೆ ಎರಡನೆಯವರು ದಂಡ ಕಟ್ಟುತ್ತಾರೆ. ಆ ಹಿರಿಯರು ತಲೆ ಆಡಿಸಿ ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು.

ಸೆಮಿಫೈನಲ್

ಕೀನ್ಯಾ ಮತ್ತು ಬುರುಂಡಿ. ಭಾವ ಆಫೀಸಿನಿಂದ ಬೇಗ ಹೊರಟು ನೇರ ಬಂದರು. ಗ್ಯಾಲರಿ ತುಂಬಿರಲಿಲ್ಲ. ಅಲ್ಲೊಂದು ಇಲ್ಲೊಂದು ಕೀನ್ಯಾದ ಬಾವುಟ. ಖಾಲಿ ಕುರ್ಚಿಗಳೇ ಜಾಸ್ತಿ. ಹುಡುಗರು ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡುವಾಗ ಅವರ ದನಿಯೇ ನಮಗೆ ಕೇಳಿಸುತ್ತಿತ್ತು. ಸಾವಿರಾರು ಜನ ಇದ್ದಿದ್ದರೆ ಆ ನಡುಗುವ ದನಿ ಕೇಳಿಸುತ್ತಿರಲಿಲ್ಲ.

ಕೀನ್ಯಾದ ಕೋಚ್ ಸಲೀಮ್ ಬಾಬು. ಹುಡುಗರ ಅಡ್ಡಹೆಸರು "ರೈಸಿಂಗ್ ಸ್ಟಾರ್ಸ್". ಅವತ್ತು ಅವರ ಕಾಲಿಗೆ ಚಕ್ರ ಕಟ್ಟಿದ ಹಾಗಿತ್ತು. ನಾಲ್ಕು ಗೋಲು ಹೊಡೆದರು, ಒಂದೂ ಬಿಟ್ಟುಕೊಡಲಿಲ್ಲ. 4-0. ಕೀನ್ಯಾ ಮೊದಲ ಸಲ 20ರೊಳಗಿನವರ ಆಫ್ರಿಕಾ ಕಪ್‌ಗೆ! ಸೀಟಿ ಊದಿದ ಕೂಡಲೇ ಬೆಂಚಿನಲ್ಲಿದ್ದವರೆಲ್ಲ ಮೈದಾನಕ್ಕೆ ನುಗ್ಗಿದರು. ಚಹಾ ಅಂಗಡಿಯ ಆ ಹಿರಿಯರನ್ನು ಹುಡುಕಿದೆ. ಕೆಳಗಿನ ಸಾಲಿನಲ್ಲಿ ಕುಳಿತೇ ಇದ್ದರು, ಟೋಪಿ ತೆಗೆದು ಮುಖ ಮುಚ್ಚಿಕೊಂಡು. ಭುಜ ಅಲುಗುತ್ತಿತ್ತು.

ನನ್ನ ಕಣ್ಣು ಮಾತ್ರ ಇನ್ನೊಂದು ಕಡೆ ಹೋಯಿತು. ಬುರುಂಡಿಯ ಹುಡುಗನೊಬ್ಬ ಗೆರೆಯ ಹತ್ತಿರ ಕೂತು ಬೂಟಿನ ಲೇಸ್ ಬಿಚ್ಚುತ್ತಿದ್ದ. ಗಂಟು ಬಿಗಿದುಕೊಂಡಿತ್ತು. ಉಗುರಿನಿಂದ ಎಳೆದ, ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆಯಲು ಕಾಲನ್ನು ಮುಖದ ಹತ್ತಿರ ತಂದ. ಹಾಗೇ ಮಂಡಿಯ ಮೇಲೆ ಹಣೆ ಇಟ್ಟುಬಿಟ್ಟ. ತಂಡದ ಒಬ್ಬರು ಬಂದು ಮಂಡಿಯೂರಿ ಕೂತರು. ಒಂದು ಮಾತೂ ಆಡಲಿಲ್ಲ. ನಿಧಾನವಾಗಿ, ಎಳೆ ಎಳೆಯಾಗಿ ಆ ಗಂಟು ಬಿಡಿಸಿದರು. ಒಂದು ಬೂಟು ಆಯ್ತು, ಆಮೇಲೆ ಇನ್ನೊಂದು. ಎರಡೂ ಬೂಟನ್ನು ತಾವೇ ಕೈಯಲ್ಲಿ ಹಿಡಿದು ಅವನನ್ನು ಎಬ್ಬಿಸಿಕೊಂಡು ಹೋದರು. ಹುಡುಗ ಕಾಲುಚೀಲದಲ್ಲೇ ನಡೆದ.

2005ರಲ್ಲಿ ಹುಟ್ಟಿದವನಾದರೆ ಮುಂದಿನ ಸಲ ಅವನಿಗೆ ವಯಸ್ಸು ಮೀರಿರುತ್ತದೆ. ಈ ಬಾಗಿಲು ಅವನಿಗೆ ಅವತ್ತೇ ಮುಚ್ಚಿತು. ಭಾವ ಕಾರಿನಲ್ಲಿ ಅರ್ಧ ದಾರಿಯವರೆಗೆ ಮಾತಾಡಲಿಲ್ಲ. ಆಮೇಲೆ, "ನೀನು ಹೇಳಿದ್ದು ಈಗ ಗೊತ್ತಾಯ್ತು" ಅಂದರು.

ಇನ್ನೊಂದು ಸೆಮಿ ನಾನು ನೋಡಿದ್ದು ಚಹಾ ಅಂಗಡಿಯ ಟೀವಿಯಲ್ಲಿ. ಟಾಂಜಾನಿಯಾದ "ಎನ್‌ಗೊರೊಂಗೊರೊ ಹೀರೋಸ್" ಉಗಾಂಡಾವನ್ನು ಸೋಲಿಸಿ ಟಿಕೆಟ್ ಪಡೆದರು. ಉಗಾಂಡಾ ಸಾಮಾನ್ಯ ತಂಡವಲ್ಲ. 2021ರ 20ರೊಳಗಿನವರ ಆಫ್ರಿಕಾ ಕಪ್‌ನಲ್ಲಿ ಫೈನಲ್‌ವರೆಗೆ ಹೋಗಿ ಘಾನಾ ಎದುರು ಸೋತವರು. ಅಂಥವರೂ ಈ ಸಲ ಮನೆಗೆ. ಅಂಗಡಿಯವರು ಖುಷಿಯಲ್ಲಿ ಎಲ್ಲರಿಗೂ ಮರಗೆಣಸು ಕರಿದು ಕೊಟ್ಟರು, ಮೇಲೆ ಖಾರದ ಪುಡಿ, ನಿಂಬೆಹಣ್ಣು.

ಕಡೇ ದಿನ: ಅಕ್ಟೋಬರ್ 20, ಭಾನುವಾರ

ಫೈನಲ್‌ಗೆ ಅಕ್ಕನೂ ಬಂದಳು. ಟಾಂಜಾನಿಯಾ, ಕೀನ್ಯಾ. ಗಡಿ ಒಂದೇ, ಮಾತು ಒಂದೇ, ಪೈಪೋಟಿ ಹಳೆಯದು. ಈ ಸಲ ಜನ ಇದ್ದರು. ಡೋಲು, ಪೀಪಿ, ನೀಲಿ ಹಸಿರು ಬಾವುಟ. ನಮ್ಮ ಹಿಂದೆ ಕೂತಿದ್ದ ಹೆಂಗಸರು ಒಂದೇ ಸಮ ಹಾಡುತ್ತಿದ್ದರು. ಅಕ್ಕ ಎಷ್ಟು ಚೆನ್ನಾಗಿ ಸ್ವಾಹಿಲಿ ಮಾತಾಡುತ್ತಾಳೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಅವರ ಜೊತೆ ಅವಳೂ ಹಾಡಿದಳು.

ಟಾಂಜಾನಿಯಾ 2-1ರಿಂದ ಗೆದ್ದಿತು. ಕಪ್ ಎತ್ತಿದರು, ಊರೆಲ್ಲ ಹಾರ್ನು. ಕೀನ್ಯಾದ ಹುಡುಗರು ಸೋತಿದ್ದರು, ಆದರೆ ಯಾರೂ ಮಂಡಿಯ ಮೇಲೆ ಹಣೆ ಇಡಲಿಲ್ಲ. ಟಿಕೆಟ್ ಜೇಬಿನಲ್ಲಿತ್ತು. ಒಬ್ಬ ಫೋನ್ ಹಿಡಿದು ಮನೆಯವರಿಗೆ ವಿಡಿಯೊದಲ್ಲಿ ಮೈದಾನ ತೋರಿಸುತ್ತಿದ್ದ.

ರಾತ್ರಿ ಚೀಲ ತುಂಬಿಸುವಾಗ ಅಕ್ಕ ಒಂದು ಹಳೇ ವಿಟುಂಬುವಾ ಬಾಣಲೆ ತಂದು ಬಟ್ಟೆಗಳ ಮಧ್ಯೆ ಇಟ್ಟಳು. "ಅಮ್ಮನಿಗೆ ಕೊಡು. ಇದರಲ್ಲಿ ಪಡ್ಡು ಏಳುತ್ತಾ ನೋಡಿ ಹೇಳು ಅನ್ನು." ವಿಮಾನ ನಿಲ್ದಾಣದಲ್ಲಿ ಅದನ್ನು ಎರಡು ಸಲ ಬಿಚ್ಚಿಸಿ ನೋಡಿದರು. ಪಡ್ಡು ಏಳುತ್ತದೆ.

ಊರಿಗೆ ಬಂದ ಮೇಲೆ

ಮೈದಾನಕ್ಕೆ ಹೋದ ಮೊದಲ ಸಂಜೆ ಹುಡುಗರು ಸುತ್ತ ಕೂತರು. ಕಪ್ ಗೆದ್ದವರ ಕಥೆ ಆಮೇಲೆ ಹೇಳಿದೆ, ಮೊದಲು ಆ ಲೇಸಿನ ಗಂಟಿನ ಕಥೆ ಹೇಳಿದೆ. ಜನನ ಪ್ರಮಾಣಪತ್ರ ಇಲ್ಲದವರು ಕೈ ಎತ್ತಿ ಅಂದೆ. ಮೂರು ಕೈ ಎದ್ದವು. ಆ ತಿಂಗಳು ಮೂವರ ಮನೆಗೂ ಹೋಗಿ ಬಂದೆ. ಇಬ್ಬರದು ಆಯ್ತು, ಒಬ್ಬನದು ಇನ್ನೂ ಓಡಾಟದಲ್ಲಿದೆ.

2025ರ ಏಪ್ರಿಲ್ ಕೊನೆಯಲ್ಲಿ ಈಜಿಪ್ಟ್‌ನಲ್ಲಿ ಆಫ್ರಿಕಾ ಕಪ್ ಶುರುವಾಯಿತು. ನಮ್ಮ ಹುಡುಗರು ಕೀನ್ಯಾ, ಟಾಂಜಾನಿಯಾ ಎರಡನ್ನೂ ತಮ್ಮ ತಂಡ ಅಂದುಕೊಂಡುಬಿಟ್ಟಿದ್ದರು. ಎರಡೂ ಗುಂಪಿನ ಹಂತ ದಾಟಲಿಲ್ಲ. ಕೀನ್ಯಾ ಮೊರಾಕ್ಕೊ ಎದುರು 2-3ರಿಂದ ಸೋತಿತು, ನೈಜೀರಿಯಾ ಜೊತೆ 2-2 ಸಮ ಮಾಡಿಕೊಂಡಿತು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಮೊರಾಕ್ಕೊವನ್ನು 1-0ಯಿಂದ ಸೋಲಿಸಿತು. ಅದೇ ಮೊರಾಕ್ಕೊ ಅಕ್ಟೋಬರ್‌ನಲ್ಲಿ ಚಿಲಿಯಲ್ಲಿ ಅರ್ಜೆಂಟೀನಾವನ್ನು 2-0ಯಿಂದ ಮಣಿಸಿ ಜೂನಿಯರ್ ವಿಶ್ವಕಪ್ ಎತ್ತಿತು.

ಆ ಸುದ್ದಿ ಬಂದ ಸಂಜೆ ಅಭ್ಯಾಸ ಮುಗಿಸಿ ಚೆಂಡುಗಳನ್ನು ಬಲೆಗೆ ತುಂಬುತ್ತಿದ್ದೆವು. ನಮ್ಮ ಎಡಗಾಲಿನ ಹುಡುಗ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಸಾರ್, ಈ ಮೊರಾಕ್ಕೊಗೆ ನಮ್ಮ ಕೀನ್ಯಾದವರು ಎರಡು ಗೋಲು ಹೊಡೆದಿದ್ರು ಅಲ್ವಾ?"

"ಹೌದು ಕಣೋ. ಎರಡು."